ಕಳಚಿದ ಚಕ್ರವನ್ನು ಇಡುವುದೆಲ್ಲಿ?

ದೋಣಿಗಲ್ ದಾಟಿ ಶಿರಾಡಿ ಘಾಟಿ ಇಳಿಯತೊಡಗಿ ಹತ್ತು ನಿಮಿಷವೂ ಆಗಿರಲಿಲ್ಲ, ಹಿಂದಿನ ಎಡ ಚಕ್ರ ನೀರು ತುಂಬಿದ ಗುಂಡಿಯೊಂದಕ್ಕೆ ಇಳಿದು ಧಡ್ ಎಂದಿತು. ಮುಂದಿನ ತಿರುವಿಗೆ ಬರುವಷ್ಟರಲ್ಲಿ ಕಾರು ಒಂದು ಪಕ್ಕಕ್ಕೆ ವಾಲಿತ್ತು. ಜುಲೈ ತಿಂಗಳು. ಮಳೆಯ ವಿಷಯ ಬೇರೆ ಹೇಳಬೇಕಾಗಿಲ್ಲ. ಕಾರಿನಲ್ಲಿ ಐವರಿದ್ದೆವು. ಡಿಕ್ಕಿಯ ತುಂಬ ಉಡುಪಿಯ ಮದುವೆಮನೆಗೆ ಹೊರಟವರ ಪೆಟ್ಟಿಗೆಗಳು, ಒಂದು ಹಲಸಿನ ಹಣ್ಣು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ರೇಷ್ಮೆ ಸೀರೆಗಳು. ಅವನ್ನೆಲ್ಲ ಒಂದೊಂದಾಗಿ ಇಳಿಸಿ, ರಸ್ತೆಯಂಚಿನ ತಡೆಗೋಡೆಯ ಮೇಲೆ ಕೊಡೆ ಹಿಡಿದು ಕೂರಿಸಿ, ಹಾಸು ಹಲಗೆ ಎತ್ತಿ ಸ್ಟೆಪ್ನಿ ಹೊರತೆಗೆದಾಗ ಸಿಕ್ಕಿದ್ದು ಸ್ಕೂಟರಿನ ದಾಯಾದಿಯಂತಿದ್ದ ಒಂದು ಸಪೂರ ಚಕ್ರ. ಮೇಲೆ ಹಳದಿ ಚೀಟಿ: ಗಂಟೆಗೆ 80 ಕಿಲೋಮೀಟರ್ ಮೀರಬಾರದು.

ಅದನ್ನು ಹಾಕುವ ಕೆಲಸ ಕಷ್ಟವಾಗಲಿಲ್ಲ. ಇಪ್ಪತ್ತು ನಿಮಿಷದಲ್ಲಿ ನಟ್ಟು ಬಿಗಿದು ಜಾಕ್ ಇಳಿಸಿದೆ. ತೊಂದರೆ ಶುರುವಾದದ್ದು ಆಮೇಲೆ. ಕಳಚಿದ ಚಕ್ರ ಸಪೂರ ಸ್ಟೆಪ್ನಿಯಿದ್ದ ತಗ್ಗಿನಲ್ಲಿ ಕೂರಲೊಲ್ಲದು. 145 ಮಿಲಿಮೀಟರ್ ಅಗಲದ ಚಕ್ರಕ್ಕೆಂದು ಮಾಡಿದ ತಗ್ಗಿನಲ್ಲಿ 215 ಮಿಲಿಮೀಟರ್ ಅಗಲದ ಚಕ್ರ ಇಟ್ಟರೆ ಕಾಲು ಭಾಗಕ್ಕಿಂತ ಹೆಚ್ಚು ಮೇಲಕ್ಕೆ ಉಬ್ಬಿ ನಿಲ್ಲುತ್ತದೆ. ಅದರ ಮೇಲೆ ಹಲಗೆ ಕೂರದು. ಹಲಗೆ ಕೂರದಿದ್ದರೆ ಪೆಟ್ಟಿಗೆಗಳು ಕೂರವು. ಕೊನೆಗೆ ಕೆಸರು ಸುರಿಸುತ್ತಿದ್ದ ಚಕ್ರವನ್ನು ಹಳೆಯ ಜಮಖಾನದಲ್ಲಿ ಸುತ್ತಿ ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲಿ ನಿಲ್ಲಿಸಿದ್ದಾಯಿತು. ನಮ್ಮ ಅತ್ತೆಯವರು ಉಡುಪಿಯವರೆಗೂ ಮೊಣಕಾಲು ಮಡಚಿ, ಒಂದು ಕೈ ಅದರ ನೆತ್ತಿಯ ಮೇಲಿಟ್ಟು, ಹಟ ಮಾಡುವ ಮೊಮ್ಮಗನನ್ನು ಹಿಡಿದುಕೊಂಡಂತೆ ಬಂದರು.

ಡಿಕ್ಕಿ ಇಷ್ಟು ಲೀಟರ್ ಎಂದು ಜಾಹೀರಾತಿನಲ್ಲಿ ಬರೆಯುವಾಗ ಈ ಕಳಚಿದ ಚಕ್ರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡಿಕ್ಕಿಯನ್ನು ಅಳೆಯಲು ತಯಾರಕರು ಬಳಸುವ ಒಂದು ಪದ್ಧತಿಯಲ್ಲಿ 200, 100, 50 ಮಿಲಿಮೀಟರ್ ಅಳತೆಯ, ತಲಾ ಒಂದು ಲೀಟರ್ ಗಾತ್ರದ ಇಟ್ಟಿಗೆಯಂಥ ತುಂಡುಗಳನ್ನು ಜೋಡಿಸಿ ಎಣಿಸುತ್ತಾರೆ. ಚೊಕ್ಕ ಲೆಕ್ಕ, ಸುಳ್ಳಲ್ಲ. ಆದರೆ ಅದು ನಾಲ್ಕು ಚಕ್ರಗಳೂ ನೆಟ್ಟಗಿರುವ ದಿನದ ಲೆಕ್ಕ. ಸ್ಟೆಪ್ನಿ ಇರುವುದೇ ಇನ್ನೊಂದು ಬಗೆಯ ದಿನಕ್ಕಾಗಿ.

ಈಚಿನ ವರ್ಷಗಳಲ್ಲಿ ಕಾರು ಕೊಂಡವರಲ್ಲಿ ಅನೇಕರಿಗೆ ಡಿಕ್ಕಿಯ ಹಲಗೆಯಡಿ ಏನಿದೆ ಎಂಬುದು ಮೊದಲ ಪಂಕ್ಚರ್ ಆಗುವವರೆಗೆ ಗೊತ್ತೇ ಇರುವುದಿಲ್ಲ. ನಾಲ್ಕು ಮಿರುಗುವ ಅಲಾಯ್ ಚಕ್ರಗಳನ್ನು ನೋಡಿದವರು ಐದನೆಯದೂ ಹಾಗೆಯೇ ಇರಬಹುದೆಂದುಕೊಳ್ಳುತ್ತಾರೆ. ಅಲ್ಲಿರುವುದು ಮೂರು ಬಗೆಯಲ್ಲಿ ಯಾವುದಾದರೂ ಇರಬಹುದು. ಒಂದು, ಉಳಿದ ನಾಲ್ಕರಂತೆಯೇ ಇರುವ ಪೂರ್ಣ ಗಾತ್ರದ ಚಕ್ರ. ಎರಡು, ಸಾಮಾನ್ಯ ಟೈರೇ ಆದರೂ ಒಂದು ಇಂಚು ಚಿಕ್ಕ ಕಬ್ಬಿಣದ ಡಿಸ್ಕ್, ಅಂದರೆ ಟೈರು ಕೂರುವ ಲೋಹದ ಚಕ್ರದ ಮೇಲೆ ಕೂರಿಸಿದ್ದು. ಮೂರು, ನನಗೆ ಸಿಕ್ಕ ಸಪೂರ ಜಾತಿ. ಅದರ ಟೈರಿನ ಅಳತೆಯ ಮುಂದೆ ತಾತ್ಕಾಲಿಕ ಎಂಬರ್ಥದ ‘ಟಿ’ ಅಕ್ಷರವಿರುತ್ತದೆ, ಗಾಳಿ 60 ಪಿಎಸ್ಐ ತುಂಬಬೇಕು. ಮಾಮೂಲಿ ಟೈರಿಗೆ ತುಂಬುವುದರ ಸುಮಾರು ಎರಡು ಪಟ್ಟು. ಪಂಕ್ಚರ್ ಅಂಗಡಿಯ ಹುಡುಗ ಅಭ್ಯಾಸಬಲದಿಂದ 33 ತುಂಬಿ ಕಳಿಸಿದರೆ ಅದು ಭಾರ ಹೊರುವುದಿಲ್ಲ. ನಮ್ಮ ದೇಶದ ಎಐಎಸ್ 110 ಎಂಬ ಮಾನದಂಡ ಇಂಥ ತಾತ್ಕಾಲಿಕ ಚಕ್ರಗಳಿಗೆಂದೇ ಇದೆ, ವೇಗಮಿತಿಯ ಚೀಟಿ ಅಂಟಿಸುವುದೂ ಆ ಕಟ್ಟಳೆಯಿಂದಲೇ. ಈಚೆಗೆ ನಾಲ್ಕನೆಯ ಬಗೆಯೊಂದು ಸೇರಿದೆ: ಹಲಗೆ ಎತ್ತಿದರೆ ಚಕ್ರವೇ ಇಲ್ಲ, ಒಂದು ಪುಟ್ಟ ಪಂಪ್ ಮತ್ತು ಅಂಟುದ್ರವದ ಬಾಟಲಿ.

ಆ ನಾಲ್ಕನೆಯದಕ್ಕೆ ಬಾಗಿಲು ತೆರೆದದ್ದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ. 2020ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೂರೂವರೆ ಟನ್ ಮೀರದ ಪ್ರಯಾಣಿಕ ವಾಹನದಲ್ಲಿ ಟ್ಯೂಬ್‌ಲೆಸ್ ಟೈರು, ಟೈರಿನ ಗಾಳಿಯೊತ್ತಡ ಕುಸಿದರೆ ಚಾಲಕನಿಗೆ ತಿಳಿಸುವ ವ್ಯವಸ್ಥೆ ಮತ್ತು ದುರಸ್ತಿ ಕಿಟ್ ಇದ್ದರೆ ಸ್ಟೆಪ್ನಿ ಕೊಡಬೇಕಾಗಿಲ್ಲ. ಜಾಗ ಉಳಿಯುತ್ತದೆ, ವಿದ್ಯುತ್ ಕಾರುಗಳಿಗೆ ದೊಡ್ಡ ಬ್ಯಾಟರಿ ಇಡಲು ಅನುಕೂಲ ಎಂಬುದು ಆಗ ಮುಂದಿಟ್ಟ ಸಮರ್ಥನೆ. ಆ ಮಾತಿನಲ್ಲಿ ಅರ್ಥವಿಲ್ಲದಿಲ್ಲ. ವಿದ್ಯುತ್ ಕಾರಿನ ನೆಲದಡಿ ಬ್ಯಾಟರಿ ಹಾಸಿದ ಮೇಲೆ, ಹಿಂದೆ ಮೋಟಾರೂ ಇದ್ದರೆ, ಚಕ್ರಕ್ಕೆ ತಗ್ಗು ತೋಡಲು ಜಾಗವೇ ಉಳಿಯುವುದಿಲ್ಲ. ಟೆಸ್ಲಾದಂಥ ಕಂಪನಿ ಸ್ಟೆಪ್ನಿಯ ಗೋಜಿಗೇ ಹೋಗಿಲ್ಲ.

ಪೂರ್ಣ ಗಾತ್ರದ ಚಕ್ರವೇ ಸನಾತನ, ಸಪೂರ ಚಕ್ರ ಈಗಿನವರ ಮೋಸ ಎಂದು ಗೊಣಗುವವರಿಗೆ ಒಂದು ಮಾತು. ನಾವು ದಿನನಿತ್ಯ ಬಳಸುವ ‘ಸ್ಟೆಪ್ನಿ’ ಎಂಬ ಪದ ಬಂದದ್ದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲಾನೆಲ್ಲಿ ಎಂಬ ಊರಿನಿಂದ. 1904ರಲ್ಲಿ ಅಲ್ಲಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸೋದರರು ಮಾರತೊಡಗಿದ್ದು ಅಡ್ಡಕಡ್ಡಿಗಳಿಲ್ಲದ, ಗಾಳಿ ತುಂಬಿದ ಟೈರಿದ್ದ ಒಂದು ಬಳೆ. ಗಾಳಿ ಇಳಿದ ಚಕ್ರವನ್ನು ಕಳಚದೆಯೇ ಅದರ ಪಕ್ಕಕ್ಕೆ ಈ ಬಳೆಯನ್ನು ಹಿಡಿಕೆಗಳಿಂದ ಬಿಗಿದು ಮುಂದಿನ ಊರಿನವರೆಗೆ ಹೋಗುವುದು. ಅಂದರೆ ಮೂಲ ಸ್ಟೆಪ್ನಿಯೇ ತಾತ್ಕಾಲಿಕ ಚಕ್ರ! ಅದು ಹುಟ್ಟಿದ ನಾಡಿನಲ್ಲಿ ಹೆಸರು ಮರೆತುಹೋಗಿ, ನಮ್ಮಲ್ಲಿ ಗಟ್ಟಿಯಾಗಿ ಉಳಿದುಕೊಂಡಿತು. ಜೊತೆಗೆ ಅರ್ಥವನ್ನೂ ಹಿಗ್ಗಿಸಿಕೊಂಡಿತು. ನಮ್ಮ ರಸ್ತೆಗಳಲ್ಲಿ ‘ಮುಂದಿನ ಊರಿನವರೆಗೆ’ ಎಂಬುದು ಸಾಲದೆಹೋದದ್ದರಿಂದಲೇ ಹಿಗ್ಗಿತೆಂದು ನನ್ನ ಊಹೆ.

ಸ್ಟೆಪ್ನಿಯ ಚರ್ಚೆಯಲ್ಲಿ ಸಾಮಾನ್ಯವಾಗಿ ಜಾರಿಹೋಗುವ ಒಂದು ವ್ಯತ್ಯಾಸವಿದೆ. ಮೊಳೆ ಚುಚ್ಚುವುದು ಬೇರೆ, ಟೈರು ಸೀಳುವುದು ಬೇರೆ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ಗಾಳಿ ನಿಧಾನವಾಗಿ ಇಳಿಯುತ್ತದೆ. ಮೊಳೆ ಕೀಳದೆ, ಆಗಾಗ ಗಾಳಿ ಹಿಡಿಸಿಕೊಂಡು ಅಂಗಡಿ ತಲುಪಬಹುದು. ಅಲ್ಲಿ ಚಕ್ರ ಬಿಚ್ಚದೆಯೂ ರಬ್ಬರ್ ಬತ್ತಿ ತುರುಕಿ ಹತ್ತು ನಿಮಿಷದಲ್ಲಿ ಕಳಿಸಿಕೊಡುತ್ತಾರೆ. ಇಂಥ ಪಂಕ್ಚರ್‌ಗೆ ನಿಜಕ್ಕೂ ಸ್ಟೆಪ್ನಿ ಬೇಕಿಲ್ಲ. ಕಿಟ್ ಸಾಕು ಎನ್ನುವವರು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಾರೆ, ಅಷ್ಟರಮಟ್ಟಿಗೆ ಅವರ ಮಾತು ಸರಿ. ಆದರೆ ಅಂಚು ಚೂಪಾದ ಗುಂಡಿಗೆ ಬಿದ್ದ ಟೈರು ಡಿಸ್ಕಿನ ಅಂಚಿಗೂ ನೆಲಕ್ಕೂ ನಡುವೆ ಸಿಕ್ಕಿ ಪಕ್ಕೆಯಲ್ಲಿ ಸೀಳಿಕೊಂಡರೆ ಬತ್ತಿಯೂ ಇಲ್ಲ, ಅಂಟೂ ಇಲ್ಲ. ಬಾಟಲಿಯ ದ್ರವ ನೆಲ ತಾಕುವ ಭಾಗದಲ್ಲಿನ ಕೆಲವೇ ಮಿಲಿಮೀಟರಿನ ತೂತನ್ನು ಮುಚ್ಚಬಲ್ಲದೇ ಹೊರತು ಪಕ್ಕೆಯ ಸೀಳನ್ನಲ್ಲ. ಮೇಲಾಗಿ ಅದಕ್ಕೂ ಅವಧಿ ಮುಗಿಯುವ ದಿನಾಂಕವಿದೆ. ನಾಲ್ಕೈದು ವರ್ಷ ಡಿಕ್ಕಿಯ ಬಿಸಿಯಲ್ಲಿ ಕೂತ ಬಾಟಲಿಯನ್ನು ಯಾರೂ ತೆಗೆದು ನೋಡಿರುವುದಿಲ್ಲ.

ಸೀಳುವ ಪ್ರಸಂಗಗಳು ಹೆಚ್ಚಲು ಕಾರಣವೂ ಕಾರಿನ ಅಂದಚೆಂದದಲ್ಲೇ ಇದೆ. ದೊಡ್ಡ ಡಿಸ್ಕು ಕಣ್ಣಿಗೆ ಚೆನ್ನ, ಆದ್ದರಿಂದ ಮಾದರಿಯ ಬೆಲೆ ಏರಿದಂತೆ ಡಿಸ್ಕಿನ ಇಂಚು ಏರುತ್ತದೆ. ಚಕ್ರದ ಒಟ್ಟು ಎತ್ತರವನ್ನು ಹೆಚ್ಚಿಸುವಂತಿಲ್ಲವಾದ್ದರಿಂದ ಟೈರಿನ ಪಕ್ಕೆ ತಗ್ಗುತ್ತದೆ. 165/80 ಆರ್ 14 (ಅಗಲ 165 ಮಿಲಿಮೀಟರ್, ಪಕ್ಕೆ ಅದರ ಶೇಕಡಾ 80, ಡಿಸ್ಕು 14 ಇಂಚು) ಎಂಬ ಹಳೆಯ ನಮೂನೆಯ ಟೈರನ್ನೂ 195/55 ಆರ್ 16 ಎಂಬ ಹೊಸ ನಮೂನೆಯ ಟೈರನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಎರಡೂ ಸುಮಾರು 620 ಮಿಲಿಮೀಟರ್ ಎತ್ತರ. ಮೊದಲನೆಯದರ ಪಕ್ಕೆ 132 ಮಿಲಿಮೀಟರ್, ಎರಡನೆಯದರದು 107. ಗುಂಡಿಯ ಏಟನ್ನು ನುಂಗಿಕೊಳ್ಳುತ್ತಿದ್ದ ರಬ್ಬರಿನ ಮೆತ್ತೆಯಲ್ಲಿ ಎರಡೂವರೆ ಸೆಂಟಿಮೀಟರ್ ಕಡಿಮೆಯಾಯಿತು. ಹೀಗೆ ಸೀಳುವ ಸಾಧ್ಯತೆ ಹೆಚ್ಚಿರುವ ಟೈರು ಹೊರಗೆ, ದೂರ ಒಯ್ಯಲಾರದ ಸ್ಟೆಪ್ನಿ ಒಳಗೆ. ಎರಡೂ ಒಂದೇ ಕಾರಿನಲ್ಲಿ, ಅದೂ ಹೆಚ್ಚು ಬೆಲೆಯ ಮಾದರಿಯಲ್ಲಿ.

ಸೀಳಿದ ಟೈರಿಗೆ ಬದಲಿ ಬೇಕು. ಸಕಲೇಶಪುರದಲ್ಲೋ ಕೊಟ್ಟಿಗೆಹಾರದಲ್ಲೋ ಲಾರಿಯ ಟೈರು ಸಿಗಬಹುದು, ಹಳೆಯ ಸಣ್ಣ ಕಾರುಗಳ ಟೈರೂ ಸಿಗಬಹುದು. 18 ಇಂಚಿನ ವಿಶೇಷ ಅಳತೆಯದು ಬೇಕೆಂದರೆ ಹಾಸನಕ್ಕೋ ಮಂಗಳೂರಿಗೋ ಫೋನು ಮಾಡಿ, ನಾಳೆ ಬರುತ್ತದೆಂಬ ಉತ್ತರ ಕೇಳಿಸಿಕೊಳ್ಳಬೇಕು. ಅಲ್ಲಿಯವರೆಗೆ ಗಂಟೆಗೆ 80ರ ಮಿತಿಯಲ್ಲಿ, ಮಳೆಯಲ್ಲಿ, ಸಪೂರ ಚಕ್ರದ ಮೇಲೆ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ಇನ್ನೊಂದು ಪೇಚು. 118 ಕಿಲೋಮೀಟರಿನ ಆ ರಸ್ತೆಯ ನಡುವಿನ ಮುಖ್ಯ ಪಥಗಳ ಬದಿಯಲ್ಲಿ ಪಂಕ್ಚರ್ ಅಂಗಡಿ ಇರುವಂತಿಲ್ಲ. ಬೇಲಿಯಾಚೆ, ಸರ್ವಿಸ್ ರಸ್ತೆಯಲ್ಲಿ ಅಂಗಡಿ ಕಣ್ಣಿಗೆ ಕಾಣುತ್ತದೆ, ಹೋಗಲು ಮುಂದಿನ ಇಳಿದಾರಿ ಬರಬೇಕು.

ಹಾಗಾದರೆ ಕಂಪನಿಗಳು ಸಪೂರ ಚಕ್ರವನ್ನೇ ಏಕೆ ಕೊಡುತ್ತವೆ? ಹಣದ ಉಳಿತಾಯ ಎಂದು ಥಟ್ಟನೆ ಹೇಳಿಬಿಡಬಹುದು, ಅದು ನಿಜವೂ ಹೌದು. ಲಕ್ಷಗಟ್ಟಲೆ ಕಾರು ಮಾಡುವವರಿಗೆ ಕಾರೊಂದಕ್ಕೆ ಒಂದು ಅಲಾಯ್ ಡಿಸ್ಕ್ ಉಳಿದರೆ ಸಣ್ಣ ಮೊತ್ತವಲ್ಲ. ತೂಕದ ನೆಪ ನನಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ಸಪೂರ ಚಕ್ರದಿಂದ ಉಳಿಯುವುದು ಏಳೆಂಟು ಕಿಲೋ, ಟನ್ನಿಗೂ ಮೀರಿದ ಕಾರಿನಲ್ಲಿ ಅದರಿಂದ ಪೆಟ್ರೋಲ್ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯದು. ನಿಜವಾದ ಕಾರಣ ಜಾಗ. ಡಿಕ್ಕಿಯ ನೆಲದಡಿ ಸೈಲೆನ್ಸರ್, ಹಿಂಬದಿಯ ಆಕ್ಸಲ್, ಪೆಟ್ರೋಲ್ ಟ್ಯಾಂಕು, ಹೈಬ್ರಿಡ್ ಆದರೆ ಬ್ಯಾಟರಿ, ಇವೆಲ್ಲ ಒಂದನ್ನೊಂದು ತಳ್ಳಾಡುತ್ತಿರುತ್ತವೆ. ನಮ್ಮಲ್ಲಿ ಇದಕ್ಕೆ ತೆರಿಗೆಯ ಬಿಗಿಯೂ ಸೇರಿದೆ. 2006ರಲ್ಲಿ ನಾಲ್ಕು ಮೀಟರ್ ಮೀರದ ಸಣ್ಣ ಕಾರಿಗೆ ಅಬಕಾರಿ ಸುಂಕ ಇಳಿಸಿದಂದಿನಿಂದ ತಯಾರಕರು ಕಾರಿನ ಬಾಲ ಕತ್ತರಿಸುತ್ತಲೇ ಬಂದಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲೂ ಆ ಗೆರೆ ಹಾಗೆಯೇ ಇದೆ: ಅದರೊಳಗಿನ ಸಣ್ಣ ಎಂಜಿನ್ನಿನ ಕಾರಿಗೆ ಶೇಕಡಾ 18, ಹೊರಗಿನದಕ್ಕೆ ಶೇಕಡಾ 40. ಸೆಂಟಿಮೀಟರಿಗೆ ಇಷ್ಟು ಬೆಲೆಯಿರುವಾಗ ಸುಮಾರು 700 ಮಿಲಿಮೀಟರ್ ಅಡ್ಡಳತೆಯ ಗುಂಡನೆಯ ತಗ್ಗು ತೋಡುವುದು ದುಬಾರಿ ವ್ಯವಹಾರ.

ಸಿಎನ್‌ಜಿ ಕಾರುಗಳಲ್ಲಿ ಈ ತಳ್ಳಾಟ ಕಣ್ಣಿಗೇ ಕಾಣುತ್ತದೆ. ಹೊರಗಿನಿಂದ ಕಿಟ್ ಹಾಕಿಸಿದ ಕಾರಿನ ಡಿಕ್ಕಿ ತೆರೆದರೆ ಅಡ್ಡಲಾಗಿ ಮಲಗಿದ ಸಿಲಿಂಡರು. ಸ್ಟೆಪ್ನಿ ಅದರಡಿ ಸಿಕ್ಕಿಕೊಂಡಿರುತ್ತದೆ ಅಥವಾ ಪಕ್ಕಕ್ಕೆ ನಿಲ್ಲಿಸಿ ಬೆಲ್ಟಿನಿಂದ ಬಿಗಿದಿರುತ್ತದೆ. 2023ರಲ್ಲಿ ಟಾಟಾ ಕಂಪನಿ ಆಲ್ಟ್ರೋಜ್ ಮತ್ತು ಪಂಚ್ ಕಾರುಗಳಲ್ಲಿ ಒಂದು ದೊಡ್ಡ ಸಿಲಿಂಡರಿನ ಬದಲು 30 ಲೀಟರಿನ ಎರಡನ್ನು ಡಿಕ್ಕಿಯ ಹಲಗೆಯಡಿ ಮಲಗಿಸಿ, ಸ್ಟೆಪ್ನಿಯನ್ನು ಕಾರಿನ ಹೊಟ್ಟೆಯಡಿಗೆ ಕಳಿಸಿತು. ಜಾಣ ಉಪಾಯ. ಹೊಟ್ಟೆಯಡಿ ತೂಗುಹಾಕುವುದೇನೂ ಹೊಸದಲ್ಲ, ಇನ್ನೋವಾದಲ್ಲೂ ಎರ್ಟಿಗಾದಲ್ಲೂ ಅದೇ ಏರ್ಪಾಡು. ಸಾಮಾನು ಇಳಿಸದೆ ಚಕ್ರ ತೆಗೆಯಬಹುದೆಂಬುದು ಅದರ ದೊಡ್ಡ ಗುಣ, ಶಿರಾಡಿಯ ಆ ಸಂಜೆ ನನಗೆ ಅದಕ್ಕಾಗಿ ಹೊಟ್ಟೆಕಿಚ್ಚಾಗಿತ್ತು. ದೋಷಗಳೂ ಇವೆ. ನಾಲ್ಕು ಮಳೆಗಾಲ ಕಳೆದ ಮೇಲೆ ಇಳಿಸುವ ತಿರುಪು ಕೆಸರು ತಿಂದು ಹಿಡಿದುಕೊಂಡಿರುತ್ತದೆ. ರಾತ್ರಿ ಬೀದಿಯಲ್ಲಿ ನಿಲ್ಲಿಸಿದ ಗಾಡಿಯಿಂದ ಸ್ಟೆಪ್ನಿ ಕದ್ದೊಯ್ಯುವವರಿಗೂ ಡಿಕ್ಕಿಯ ಬೀಗ ಅಡ್ಡ ಬರುವುದಿಲ್ಲ.

ಇಲ್ಲಿ ಎರಡನೆಯ ಬಗೆಯ ಸ್ಟೆಪ್ನಿಗೂ ನ್ಯಾಯ ಸಲ್ಲಿಸಬೇಕು. ಒಂದು ಇಂಚು ಚಿಕ್ಕ ಡಿಸ್ಕ್ ಎಂದೊಡನೆ ಚಿಕ್ಕ ಚಕ್ರ ಎಂದುಕೊಳ್ಳುವುದು ತಪ್ಪು. ನೋಡಬೇಕಾದ್ದು ಟೈರು ಸೇರಿದ ಒಟ್ಟು ಎತ್ತರವನ್ನು. 185/65 ಆರ್ 15 ಚಕ್ರವಿರುವ ಕಾರಿಗೆ 165/80 ಆರ್ 14 ಸ್ಟೆಪ್ನಿ ಕೊಟ್ಟರೆ ಎತ್ತರದ ವ್ಯತ್ಯಾಸ ಎರಡು ಮಿಲಿಮೀಟರ್, ಸವೆದ ಟೈರಿನಷ್ಟೂ ಅಲ್ಲ. ಅಗಲ ಕಡಿಮೆಯಾದ್ದರಿಂದ ಹಿಡಿತ ಕಡಿಮೆ, ಅಷ್ಟೇ. ಆದರೆ 215/60 ಆರ್ 17 ಇರುವ ಕಾರಿಗೆ 205/65 ಆರ್ 16 ಹಾಕಿದರೆ 690ರ ಪಕ್ಕ 673, ಅಂದರೆ 17 ಮಿಲಿಮೀಟರ್ ಕಡಿಮೆ. ಇದರ ಪರಿಣಾಮವೇನು? ಕಿಲೋಮೀಟರಿಗೆ ದೊಡ್ಡ ಚಕ್ರ ಸುಮಾರು 461 ಸುತ್ತು ಉರುಳಿದರೆ ಚಿಕ್ಕದು 473 ಸುತ್ತು. ಮುಂದಿನ ಚಕ್ರಗಳು ಎಳೆಯುವ ಕಾರಿನಲ್ಲಿ ಈ ಚಿಕ್ಕದನ್ನು ಮುಂದಕ್ಕೆ ಹಾಕಿದರೆ, ಎಡಬಲದ ಚಕ್ರಗಳು ಬೇರೆಬೇರೆ ವೇಗದಲ್ಲಿ ಉರುಳಲು ಬಿಡುವ, ತಿರುವಿನಲ್ಲಿ ಮಾತ್ರ ದುಡಿಯಬೇಕಾದ ಡಿಫರೆನ್ಷಿಯಲ್ ಎಂಬ ಗಿಯರು ನೇರ ರಸ್ತೆಯಲ್ಲೂ ಬಿಡುವಿಲ್ಲದೆ ತಿರುಗುತ್ತದೆ. ಹತ್ತಾರು ಕಿಲೋಮೀಟರಿಗೆ ಏನೂ ಆಗದು. ಹಾಗೆಯೇ ತಿಂಗಳುಗಟ್ಟಲೆ ಓಡಿಸುವವರನ್ನೂ ಕಂಡಿದ್ದೇನೆ. ಮುಂದಿನ ಚಕ್ರ ಹೋದರೆ ಹಿಂದಿನ ಒಳ್ಳೆಯ ಚಕ್ರವನ್ನು ಮುಂದಕ್ಕೆ ತಂದು ಸ್ಟೆಪ್ನಿಯನ್ನು ಹಿಂದೆ ಹಾಕುವುದೇ ಸರಿಯಾದ ಕ್ರಮ. ಮಳೆಯಲ್ಲಿ, ಲಾರಿಗಳು ಮೈಮೇಲೆ ಬರುವ ಘಾಟಿಯಲ್ಲಿ, ಎರಡೆರಡು ಸಲ ಜಾಕ್ ಎತ್ತಿ ಹಾಗೆ ಮಾಡುವ ಪುಣ್ಯಾತ್ಮರು ಎಷ್ಟು ಜನ? ನಾಲ್ಕೂ ಚಕ್ರ ಎಳೆಯುವ ಗಾಡಿಗಳಲ್ಲಿ ಈ ವಿಷಯಕ್ಕೆ ಇನ್ನೂ ಹೆಚ್ಚು ಎಚ್ಚರ ಬೇಕು.

ಸರಿ, ಇದೆಲ್ಲ ಬೇಡ, ನಾಲ್ಕರಂಥದೇ ಐದನೆಯದನ್ನು ಕೊಂಡು ಡಿಕ್ಕಿಯಲ್ಲಿ ಹಾಕಿಬಿಡೋಣ ಎಂದು ಹೊರಡುವವರು ಅನೇಕರು. ಉಡುಪಿಯಿಂದ ಮರಳಿದ ವಾರ ನಾನೂ ಹೊರಟೆ. ಮೊದಲು ಮಾಡಬೇಕಾದ ಪರೀಕ್ಷೆಗೆ ದುಡ್ಡು ಬೇಕಿಲ್ಲ. ಮನೆಯ ಮುಂದೆ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಒಂದು ಚಕ್ರ ಕಳಚಿ, ಸ್ಟೆಪ್ನಿಯ ತಗ್ಗಿನಲ್ಲಿ ಇಟ್ಟು ನೋಡುವುದು. ಟೇಪು ಹಿಡಿದು ಅಳೆಯುವುದಕ್ಕಿಂತ ಇದು ನಂಬಿಗಸ್ತ, ಏಕೆಂದರೆ ತಗ್ಗಿನ ಗೋಡೆಗಳು ಬಾಣಲೆಯಂತೆ ಕೆಳಗೆ ಕಿರಿದಾಗುತ್ತವೆ. ಮೇಲೆ 700 ಇದ್ದದ್ದು ತಳದಲ್ಲಿ 650 ಇರಬಹುದು. ಚಕ್ರ ನಡುವಿನಲ್ಲೇ ಸಿಕ್ಕಿಕೊಂಡು ತಳ ಮುಟ್ಟದಿದ್ದರೆ ಆಸೆ ಬಿಡುವುದೇ ಒಳ್ಳೆಯದು. ಸುತ್ತಿಗೆಯಿಂದ ತಟ್ಟಿ ತಗ್ಗು ಹಿಗ್ಗಿಸಿಕೊಡುತ್ತೇವೆಂಬ ಮಹನೀಯರಿದ್ದಾರೆ, ಅವರ ಮಾತು ಕೇಳಬೇಡಿ. ಆ ತಗಡು ಹಿಂದಿನಿಂದ ಗುದ್ದಿದಾಗ ಮಡಚಿಕೊಳ್ಳುವ ಚೌಕಟ್ಟಿನ ಭಾಗ.

ನನ್ನ ಕಾರಿನಲ್ಲಿ ಅಡ್ಡಳತೆ ಸರಿಹೋಯಿತು, ಆಳ ಸಾಲಲಿಲ್ಲ. ಜಾಕು, ಪಾನಾ ಇಡಲು ಮಾಡಿದ ಥರ್ಮೋಕೋಲ್ ತಟ್ಟೆ ತೆಗೆದರೂ ಚಕ್ರ ನೆಲಮಟ್ಟಕ್ಕಿಂತ ಆರೂವರೆ ಸೆಂಟಿಮೀಟರ್ ಮೇಲಿತ್ತು. ಹಲಗೆಯನ್ನು ಅಷ್ಟು ಎತ್ತರಿಸಿದರೆ ಕಳೆದುಕೊಳ್ಳುವುದೆಷ್ಟು? ಒಂದು ಮೀಟರ್ ಅಗಲ, ಮುಕ್ಕಾಲು ಮೀಟರ್ ಉದ್ದದ ಡಿಕ್ಕಿಗೆ ಸುಮಾರು 50 ಲೀಟರ್, ಅಂದರೆ ಎರಡೂವರೆ ನೀರಿನ ಕ್ಯಾನು. ನನಗದು ಒಪ್ಪಿಗೆಯಾಯಿತು. ಊರಿನಲ್ಲಷ್ಟೇ ಓಡಾಡುವವರಿಗೆ, ವಾರವಾರ ಡಿಕ್ಕಿ ತುಂಬ ಸಂತೆ ತರುವವರಿಗೆ ಒಪ್ಪಿಗೆಯಾಗಬೇಕೆಂದೇನಿಲ್ಲ. ಸರ್ವಿಸ್ ಸೆಂಟರ್ ಫೋನಿಗೆ ಸಿಗುವ ನಗರದೊಳಗೆ ಸಪೂರ ಚಕ್ರ ಧಾರಾಳವಾಗಿ ಸಾಕು.

ಆಮೇಲಿನ ಪ್ರಶ್ನೆ ಡಿಸ್ಕಿನದು. ಕಬ್ಬಿಣದ್ದು ಕೊಂಡರೆ ಅಗ್ಗ, ಗುಂಡಿಯಲ್ಲಿ ಬಾಗಿದರೂ ತಟ್ಟಿ ಸರಿಮಾಡಬಹುದು. ಆದರೆ 17 ಇಂಚಿನ ಕಬ್ಬಿಣದ ಡಿಸ್ಕ್ ಸಿಗುವುದು ಅಪರೂಪ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅರ್ಧ ದಿನ ಅಲೆದು ನಾನು ಅಲಾಯ್‌ಗೇ ಶರಣಾದೆ. ನಟ್ಟಿನ ತೂತುಗಳ ಸಂಖ್ಯೆ, ಅವುಗಳ ನಡುವಿನ ಅಂತರ, ಡಿಸ್ಕಿನ ನಟ್ಟನಡುವಿನ ತೂತಾದ ನಡುಗಣ್ಣಿನ ಅಳತೆ, ಡಿಸ್ಕ್ ಒಳಕ್ಕೆ ಎಷ್ಟು ಕೂರುತ್ತದೆಂಬ ಆಫ್‌ಸೆಟ್, ಇವು ನಾಲ್ಕೂ ಮೂಲ ಚಕ್ರಕ್ಕೆ ಹೊಂದಬೇಕು. ಮೂರು ಹೊಂದಿ ಆಫ್‌ಸೆಟ್ ಹೊಂದದ ಡಿಸ್ಕು ನೋಡಲು ಸರಿಯಾಗಿಯೇ ಕೂರುತ್ತದೆ, ಓಡುವಾಗ ಸಸ್ಪೆನ್ಷನ್‌ಗೋ ಮಡ್‌ಗಾರ್ಡಿಗೋ ತಾಗುತ್ತದೆ. ಕೆಲವು ಕಾರುಗಳಲ್ಲಿ ಅಲಾಯ್‌ಗೆ ಬೇರೆ ಬೋಲ್ಟು, ಕಬ್ಬಿಣದ ಡಿಸ್ಕಿಗೆ ಬೇರೆ ಬೋಲ್ಟು ಎಂದಿರುತ್ತದೆ. ಅದನ್ನು ಕೈಪಿಡಿಯಲ್ಲಿ ನೋಡಿಯೇ ಮುಂದುವರಿಯಬೇಕು. ಟೈರಿನ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದದ್ದು ಈ ಸಾಹಸಕ್ಕೆ ಸಿಕ್ಕ ಏಕೈಕ ಸರ್ಕಾರಿ ಪ್ರೋತ್ಸಾಹ.

ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲರೂ ಅಲಕ್ಷಿಸುವುದು, ಬಿಗಿಯುವ ತಿರುಪು. ಸಪೂರ ಚಕ್ರದ ನಡುಗಣ್ಣಿನ ಮೂಲಕ ಹಾದು ಅದನ್ನು ತಗ್ಗಿನ ತಳಕ್ಕೆ ಬಿಗಿಯುವ ಪ್ಲಾಸ್ಟಿಕ್ ತಲೆಯ ಬೋಲ್ಟು ದಪ್ಪ ಚಕ್ರಕ್ಕೆ ಮುಟ್ಟುವುದಿಲ್ಲ. ಬಹಳ ಜನ ಅದನ್ನು ಅತ್ತ ಎಸೆದು, ಚಕ್ರ ತಗ್ಗಿನಲ್ಲಿ ತಾನೇ ಇದೆ, ಎಲ್ಲಿಗೆ ಹೋಗುತ್ತದೆ ಎಂದು ಹಾಗೆಯೇ ಬಿಡುತ್ತಾರೆ. ಎಲ್ಲಿಗೆ ಹೋಗುತ್ತದೆಂದರೆ: ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಕಾರು ಎದುರಿನದಕ್ಕೆ ಗುದ್ದಿ ನಿಂತಾಗ ಇಪ್ಪತ್ತು ಕಿಲೋದ ಚಕ್ರ ಅದೇ ವೇಗದಲ್ಲಿ ಮುಂದಕ್ಕೆ ಹೊರಡುತ್ತದೆ. ಮೂರಂತಸ್ತಿನ ಮನೆಯ ತಾರಸಿಯಿಂದ ಅದನ್ನು ಕೆಳಕ್ಕೆ ಬಿಟ್ಟಾಗಿನ ಏಟಿಗೆ ಅದು ಸಮ. ಮುಂದಿರುವುದು ಹಿಂದಿನ ಸೀಟು, ಅದರಲ್ಲಿ ಮನುಷ್ಯರು. ಅಂದ ಹಾಗೆ ನಮ್ಮವರು ಕಾರಿನ ಹಿಂಭಾಗಕ್ಕೂ ಗುದ್ದಾಟಕ್ಕೂ ಡಿಕ್ಕಿ ಎಂಬ ಒಂದೇ ಹೆಸರಿಟ್ಟಿರುವುದು ಇಂಥ ಕಡೆ ಅರ್ಥಪೂರ್ಣ ಎನ್ನಿಸುತ್ತದೆ. ಸೀಟಿನ ಮುಂದೆ ಜಮಖಾನ ಹೊದೆಸಿ ಚಕ್ರ ನಿಲ್ಲಿಸಿಕೊಂಡು ಇಡೀ ಘಾಟಿ ಇಳಿದದ್ದನ್ನು ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ.

ಬಿಗಿಯುವ ಉದ್ದನೆಯ ಬೋಲ್ಟನ್ನು ಮನೆ ಹತ್ತಿರದ ಲೇತ್ ಅಂಗಡಿಯವರು ಹಳೆಯದರಂಥದೇ ತಿರುಪಿನ ಗೆರೆ ಹಾಕಿ ಮಾಡಿಕೊಟ್ಟರು. ಬಡಗಿಯೊಬ್ಬರು 12 ಮಿಲಿಮೀಟರ್ ಪ್ಲೈವುಡ್ಡಿನ ಹಲಗೆ ಕತ್ತರಿಸಿ, ಎರಡು ಬದಿಗೂ ರೀಪು ಹೊಡೆದು ಎತ್ತರ ಸರಿಗಟ್ಟಿ, ಮೇಲೆ ಹಳೆಯ ಮ್ಯಾಟನ್ನೇ ಅಂಟಿಸಿದರು. ಚಕ್ರದ ಬಟ್ಟಲಿನಂಥ ಒಳಭಾಗ ಮೇಲೆ ಬರುವಂತೆ ಮಲಗಿಸಿದರೆ ಜಾಕನ್ನೂ ಪಾನಾವನ್ನೂ ಅದರೊಳಗೇ ಇಡಬಹುದೆಂದು ನಾನು ಕಂಡುಕೊಂಡೆ. ಆ ಜಾಣತನದ ಬಗ್ಗೆ ಒಂದೆರಡು ತಿಂಗಳು ಎಲ್ಲರೆದುರು ಹೇಳಿಕೊಂಡದ್ದೂ ಉಂಟು.

ಸಪೂರ ಚಕ್ರ ಬೇಡವೆಂದು ಕಂಪನಿಗಳ ಮೇಲೆ ಹರಿಹಾಯುವುದಕ್ಕಿಂತ ಕೇಳಬೇಕಾದ್ದು ಬೇರೆಯಿದೆ. ಸೀಟಿನ ಹೊದಿಕೆಯಿಂದ ಹಿಡಿದು ಬಾಗಿಲ ಮೆಟ್ಟಿಲ ಮೇಲಿನ ದೀಪದವರೆಗೆ ಬೇಕಾದ್ದಕ್ಕೂ ಬೇಡದ್ದಕ್ಕೂ ಪ್ರತ್ಯೇಕ ಬೆಲೆಯ ಪಟ್ಟಿ ಕೊಡುವ ಮಳಿಗೆಗಳು ಪೂರ್ಣ ಗಾತ್ರದ ಸ್ಟೆಪ್ನಿ, ಅದಕ್ಕೆ ಹೊಂದುವ ಹಲಗೆ ಮತ್ತು ಉದ್ದನೆಯ ಬೋಲ್ಟನ್ನು ಆ ಪಟ್ಟಿಯಲ್ಲಿ ಸೇರಿಸಲು ಅಡ್ಡಿಯೇನು? ಲೇತ್ ಅಂಗಡಿಯೂ ಬಡಗಿಯೂ ಸೇರಿ ಮಾಡಿಕೊಟ್ಟದ್ದನ್ನು ಕಾರಿನ ವಿನ್ಯಾಸ ಬಲ್ಲ ಎಂಜಿನಿಯರು ಇನ್ನೂ ಚೊಕ್ಕವಾಗಿ, ಪರೀಕ್ಷೆಗೊಳಪಡಿಸಿ ಕೊಡಬಲ್ಲರು. ಕಾರಿನ ವಿವರಗಳ ಪಟ್ಟಿಯಲ್ಲಿ ಡಿಕ್ಕಿಯ ಲೀಟರಿನ ಪಕ್ಕದಲ್ಲೇ, ಕಳಚಿದ ಚಕ್ರ ತಗ್ಗಿನಲ್ಲಿ ಕೂರುತ್ತದೋ ಇಲ್ಲವೋ ಎಂದು ಒಂದು ಸಾಲು ಬರೆದರೂ ಆಯಿತು. ಕೋಟಿ ರೂಪಾಯಿಯ ಕೆಲವು ಕಾರುಗಳಲ್ಲೇ ತಗ್ಗಿಲ್ಲದೆ, ಡಿಕ್ಕಿಯ ನಟ್ಟನಡುವೆ ಚೀಲ ಹೊದ್ದ ಸ್ಟೆಪ್ನಿ ಕೂತಿರುತ್ತದೆ. ಬೆಲೆ ಕೊಟ್ಟವರಿಗೇ ಆ ಗತಿಯಾದರೆ ಉಳಿದವರು ಅಳತೆ ಟೇಪು ಹಿಡಿದು ಮಳಿಗೆಗೆ ಹೋಗುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಆರು ತಿಂಗಳ ನಂತರ ಗಾಳಿ ಹಿಡಿಸಲು ಹೋದಾಗ ಸ್ಟೆಪ್ನಿಯನ್ನೂ ನೋಡಿಬಿಡಿ ಎಂದೆ. ಅಂಗಡಿಯವನು ಹಲಗೆ ಎತ್ತಿ, ಜಾಕು ಪಾನಾಗಳನ್ನು ಹೊರಗಿಟ್ಟು, ಸುತ್ತಲೂ ಕೈಯಾಡಿಸಿ ತಲೆ ಎತ್ತಿದ. “ಸಾರ್, ವಾಲ್ವ್ ಕೆಳಗೆ ಹೋಗಿದೆ. ಇದನ್ನು ಮಗುಚಿ ಮಲಗಿಸಿದವರು ಯಾರು?” ನಾನು ಮಾತಾಡಲಿಲ್ಲ. ಬೋಲ್ಟು ಬಿಚ್ಚಿ, ಇಬ್ಬರೂ ಸೇರಿ ಚಕ್ರವನ್ನು ಎತ್ತಿ ಹೊರತೆಗೆದೆವು. ಗೇಜಿನ ಮುಳ್ಳು 14ರಲ್ಲಿ ನಿಂತಿತು.